ಗೋಡೆಯಾಗಿದ್ದ ದೋಣಿ

ಮರ್ಫಿ ಟೌನಿನ ಆ ಓಣಿಯಲ್ಲಿ ಯಾರ ಮನೆ ಕೇಳಿದರೂ ಜನ ಮೊದಲು ದೋಣಿಯ ಹೆಸರು ಹೇಳುತ್ತಿದ್ದರು. ‘ದೋಣಿ ಹತ್ರ ಎಡಕ್ಕೆ ತಿರುಗಿ’, ‘ದೋಣಿ ದಾಟಿದ ತಕ್ಷಣ ಹಸಿರು ಗೇಟು’. ಹೊಸಬರು ಇದೇನೋ ಗೇಲಿ ಎಂದುಕೊಂಡು ಮುಂದೆ ಬಂದರೆ ಎದುರಿಗೆ ನಿಜವಾಗಿಯೂ ಒಂದು ದೋಣಿ ನಿಂತಿರುತ್ತಿತ್ತು. ಓಣಿಯ ನಲ್ಲಿಗೆ ನೀರು ಬರುವುದೇ ದೊಡ್ಡ ಮಾತು. ಅಂಥ ಕಡೆ ದೋಣಿ ಇಟ್ಟುಕೊಂಡಿದ್ದ ಪುಣ್ಯಾತ್ಮರು ಅಂಜನಮೂರ್ತಿ.

ಮೂರ್ತಿ ಹಲಸೂರು ಕೆರೆಯಲ್ಲಿ ದೋಣಿಗೆ ಹುಟ್ಟು ಹಾಕುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವರು. ದೋಣಿ ವಿಹಾರದ ಗುತ್ತಿಗೆದಾರ ವ್ಯವಹಾರ ಮುಚ್ಚಿ ಹಳೇ ದೋಣಿಗಳನ್ನು ಸಿಕ್ಕಸಿಕ್ಕವರಿಗೆ ಕೊಟ್ಟಾಗ ಇವರೂ ಒಂದನ್ನು ಹೊತ್ತು ತಂದರು. ಬಿಳಿ ಫೈಬರಿನ ಪುಟ್ಟ ದೋಣಿ. ನಡುವೆ ಅಂಬಿಗನಿಗೊಂದು ಹಲಗೆ, ಹಿಂದೆ ಇಬ್ಬರು ಕೂರುವ ಸೀಟು. ಪುಟ್ಟದೆಂದರೂ ಮನೆಯೊಳಗೆ ಹಿಡಿಸುವುದಿಲ್ಲ, ತಾರಸಿಗೆ ಏರುವುದಿಲ್ಲ. ಕೊನೆಗೆ ಮನೆಯ ಮುಂದಿನ ಗೋಡೆಗೆ ಮಗ್ಗುಲಾಗಿ ಒರಗಿಸಿ, ಕಿಟಕಿಯ ಸರಳಿಗೆ ಹಗ್ಗ ಬಿಗಿದು, “ಒಂದಿನ ಇದನ್ನ ಮತ್ತೆ ನೀರಿಗಿಳಿಸ್ತೀನಿ, ನೋಡ್ತಿರು” ಎಂದು ಹೆಂಡತಿಗೆ ಹೇಳಿದರು. ಅಂಜಿನಮ್ಮ ನೋಡುತ್ತಲೇ ಇದ್ದರು. ಮಗಳು ತೇಜಶ್ರೀ ಓದು ಮುಗಿಸಿದಳು, ಕೆಲಸಕ್ಕೆ ಸೇರಿದಳು, ಮದುವೆಯಾಗಿ ಹೊರಮಾವಿನ ಅಪಾರ್ಟ್‌ಮೆಂಟಿಗೂ ಹೋದಳು. ದೋಣಿ ನಿಂತಲ್ಲೇ ನಿಂತಿತ್ತು.

ನೋಡುವುದರ ಜೊತೆಗೆ ಅಂಜಿನಮ್ಮ ಇನ್ನೊಂದು ಕೆಲಸವನ್ನೂ ಮಾಡಿದರು. ಓಣಿಗೆ ಬಂದ ಬಡಗಿ, ಕೇಬಲ್ ರಿಪೇರಿಯವನು, ಎಲೆಕ್ಟ್ರಿಷಿಯನ್, ಯಾರ ಕೈಯಲ್ಲಿ ಡ್ರಿಲ್ ಕಂಡರೂ ಸರಿ, “ಒಂದ್ನಿಮಿಷ ಬಾಪ್ಪ” ಎಂದು ಕರೆದು ದೋಣಿಗೆ ಒಂದು ಕೊಕ್ಕೆ ಹಾಕಿಸಿಕೊಂಡರು. ಬಟ್ಟೆ ಹಗ್ಗಕ್ಕೊಂದು, ಪೊರಕೆಗೊಂದು, ಹಾಲಿನ ಚೀಲಕ್ಕೊಂದು, ತಲೆ ಬಾಚುವ ಕನ್ನಡಿಗೊಂದು. ದೃಷ್ಟಿಯಾಗದಿರಲಿ ಎಂದು ಕುದುರೆ ಲಾಳ ಬೇರೆ. ಮೂರ್ತಿ ಇದನ್ನೆಲ್ಲ ನೋಡಲಿಲ್ಲವೇ ಎಂದು ಕೇಳಬೇಡಿ. ಅವರ ಛತ್ರಿ ತೂಗುತ್ತಿದ್ದದ್ದೂ ಅದರಲ್ಲೊಂದು ಕೊಕ್ಕೆಗೇ. ದಿನವೂ ಕಣ್ಣಿಗೆ ಬೀಳುವುದು ಎಲ್ಲಿ ಕಾಣುತ್ತದೆ?

ಕಂಡದ್ದು ಡಿಸೆಂಬರಿನಲ್ಲಿ, ತೇಜಶ್ರೀ ಫೋನ್ ಮಾಡಿದ ದಿನ.

“ಅಪ್ಪಾ, ಬರೋ ಭಾನುವಾರ ಹಲಸೂರು ಕೆರೆ ಕ್ಲೀನಿಂಗ್ ಇದೆ. ನಮ್ಮ ಗ್ರೂಪೇ ಮಾಡ್ತಿರೋದು. ಅವತ್ತೊಂದಿನ ಮಾತ್ರ ದೋಣಿ ಬಿಡೋಕೆ ಪರ್ಮಿಷನ್ ಸಿಕ್ಕಿದೆ. ದಡದ ಹತ್ರ ತೇಲ್ತಿರೋ ಬಾಟ್ಲು ಎತ್ಕೊಡ್ಬೇಕು ಅಷ್ಟೇ. ನಿಮ್ಮ ದೋಣಿ ತರ್ತೀರಾ?”

ಮೂರ್ತಿ ಯೋಚನೆಯನ್ನೇ ಮಾಡದೆ “ತರ್ತೀನಿ” ಅಂದುಬಿಟ್ಟರು. ಫೋನ್ ಇಟ್ಟು ಹೆಂಡತಿಯ ಕಡೆ ತಿರುಗಿ, “ಭಾನುವಾರ ನಿನ್ನನ್ನ ಕೆರೆ ಮೇಲೆ ಕೂರಿಸ್ತೀನಿ ಕಣೇ” ಎಂದರು.

ಅಂಜಿನಮ್ಮ ಅವರೆಕಾಯಿ ಸುಲಿಯುತ್ತಿದ್ದವರು ತಲೆ ಎತ್ತಲಿಲ್ಲ. “ಎಷ್ಟನೇ ಸಲ ಇದು?”

ಆ ಪ್ರಶ್ನೆಯ ಹಿಂದೆ ಒಂದು ದೊಡ್ಡ ಕಥೆ ಇತ್ತು. ಮೂರ್ತಿ ಕೆರೆಯಲ್ಲಿ ಕೆಲಸ ಮಾಡಿದಷ್ಟು ಕಾಲವೂ ಅಂಜಿನಮ್ಮ ಊಟದ ಕ್ಯಾರಿಯರ್ ಹಿಡಿದು ದಡಕ್ಕೆ ಹೋಗುತ್ತಿದ್ದರು. ಗಂಡ ಊರವರ ಹೆಂಡಿರನ್ನೆಲ್ಲ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ದೋಣಿ ನಡೆಸುವುದನ್ನು ಬಿಸಿಲಿನಲ್ಲಿ ನಿಂತು ನೋಡುತ್ತಿದ್ದರು. ಸಿಬ್ಬಂದಿಯ ಮನೆಯವರನ್ನು ಹತ್ತಿಸಬಾರದೆಂದು ಗುತ್ತಿಗೆದಾರನ ಕಟ್ಟಪ್ಪಣೆ. ಗುತ್ತಿಗೆದಾರ ಇಲ್ಲದ ದಿನ ವಿಪರೀತ ಜನ. ಜನ ಇಲ್ಲದ ದಿನ ಮಳೆ. “ನಾಳೆ ಕೂರಿಸ್ತೀನಿ” ಎಂದು ಮೂರ್ತಿ ಪ್ರತಿ ಸಲ ಮನಸಾರೆ ಹೇಳಿದರು. ಆ ನಾಳೆ ಬರುವ ಮೊದಲೇ ದೋಣಿ ಗೋಡೆಯಾಯಿತು.

“ಈ ಸಲ ಖಂಡಿತ” ಎಂದರು ಮೂರ್ತಿ.

“ಖಂಡಿತಾನಾ? ಸರಿ.” ಅಂಜಿನಮ್ಮ ಸೊಗಡಿನ ಕೈ ಒರೆಸಿಕೊಂಡು ಎದ್ದರು. “ಭಾನುವಾರ ನಾನು ಕೆರೆ ಮೇಲೆ ಕೂತಿರ್ಬೇಕು. ಇಲ್ಲಾಂದ್ರೆ ಸೋಮವಾರ ಗುಜರಿ ಖಾದರ್ ಬರ್ತಾನಲ್ಲ, ಈ ದೋಣಿ ಅವನ ಗಾಡಿ ಮೇಲೆ ಕೂತಿರುತ್ತೆ. ಮನೆಗೆ ಬೆಳಕಾದ್ರೂ ಬರ್ಲಿ.”

ಅವರು ತಮಾಷೆಗೆ ಹೇಳುತ್ತಿರಲಿಲ್ಲ. ಮೂರ್ತಿ ಆ ಕ್ಷಣವೇ ಹೊರಗೆ ಹೋಗಿ, ಹೊಸ ಕಣ್ಣಿನಿಂದ ದೋಣಿಯನ್ನು ನೋಡಿದರು. ದೋಣಿ ಕಾಣಲಿಲ್ಲ, ಕೊಕ್ಕೆಗಳೇ ಕಂಡವು.

“ಏನೇ ಇದು! ದೋಣಿಗೆ ಯಾರಾದ್ರೂ ತೂತು ಹೊಡೀತಾರೇನೇ?”

“ನೀರಲ್ಲಿದ್ರೆ ಅದು ದೋಣಿ. ಮನೆ ಮುಂದೆ ನಿಂತ್ರೆ ಗೋಡೆ. ಗೋಡೆಗೆ ಹೊಡೀದೆ ಇನ್ನೆಲ್ಲಿ ಹೊಡೀಲಿ, ನಿಮ್ಮ ತಲೆಗಾ?”

ತೂತುಗಳ ಪಾಪವೆಲ್ಲ ಅಂಜಿನಮ್ಮನದೇ ಅಲ್ಲ ಎಂಬುದು ದೋಣಿಯನ್ನು ಮಗುಚಿದ ಮೇಲೆ ಗೊತ್ತಾಯಿತು. ಹಿಂದಿನ ಸೀಟಿನ ಸ್ಕ್ರೂಗಳು ಬೆರಳಲ್ಲಿ ಎಳೆದರೇ ಕಿತ್ತು ಬಂದವು. ಒಂದೊಂದು ತೂತಿನಿಂದಲೂ ಮೂರ್ತಿ ಯಾವ ಕಾಲದಲ್ಲೋ ತುರುಕಿದ್ದ ಬೆಂಕಿಕಡ್ಡಿಗಳು ಕೊಳೆತು ಪುಡಿಯಾಗಿ ಉದುರಿದವು. ದೋಣಿಯ ಮೂತಿಯಂತೂ ನೋಡುವ ಹಾಗಿರಲಿಲ್ಲ. ಎರಡು ಬೇಸಿಗೆಯ ಹಿಂದೆ ನೀರಿನ ಟ್ಯಾಂಕರ್ ರಿವರ್ಸ್ ಬರುವಾಗ ಗುದ್ದಿ, ಫೈಬರು ಬಿರುಕು ಬಿಟ್ಟು, ಒಳಗಿನ ನಾರು ಬಿಳೀ ಗಡ್ಡದ ಹಾಗೆ ಹೊರಗೆ ಇಣುಕುತ್ತಿತ್ತು.

ಮೂರ್ತಿ ಶಿವಾಜಿನಗರಕ್ಕೆ ಓಡಿದರು. ಅಲ್ಲಿ ಹಳೇ ಸ್ನೇಹಿತ ಮುನಾವರ್ ಬೈಕಿನ ಮಡ್‌ಗಾರ್ಡು, ಅಂಗಡಿ ಗೊಂಬೆ, ನೀರಿನ ತೊಟ್ಟಿ, ಒಟ್ಟಿನಲ್ಲಿ ಫೈಬರಿನದು ಏನೇ ಆದರೂ ಮಾಡಿಕೊಡುತ್ತಿದ್ದ. ಬೆಂಕಿಕಡ್ಡಿಯ ಸಂಗತಿ ಕೇಳಿ ಅವನು ಹಣೆ ಹಣೆ ಚಚ್ಚಿಕೊಂಡ.

“ಅರೇ ಮೂರ್ತಿ ಭಾಯ್, ಬೆಂಕಿಕಡ್ಡಿ ಬೀಡಿ ಹಚ್ಚಕ್ಕೆ! ನೀರು ಒಳಗ್ ಹೋಗಿ ಎಲ್ಲಾ ಕೊಳ್ತೋಗಿರುತ್ತೆ. ಮೊದಲು ತೂತನ್ನ ಇನ್ನೂ ದೊಡ್ಡದು ಮಾಡಿ.”

“ಮುಚ್ಚಕ್ಕೆ ಬಂದ್ರೆ ದೊಡ್ಡದು ಮಾಡು ಅಂತೀಯಲ್ಲೋ!”

“ಹಲ್ಲು ಡಾಕ್ಟ್ರು ಏನ್ ಮಾಡ್ತಾರೆ? ಕೊರೀತಾರೆ, ಆಮೇಲೆ ತುಂಬ್ತಾರೆ. ಇದೂ ಅಷ್ಟೇ. ಕೊಳೆತಿದ್ದೆಲ್ಲ ಕೆರೆದು ತೆಗೀರಿ, ಹಿಂದ್ಗಡೆ ಟೇಪ್ ಹಾಕಿ, ರೆಸಿನ್ ಅಂಟಿಗೆ ಪೌಡರ್ ಕಲ್ಸಿ ಬಜ್ಜಿ ಹಿಟ್ಟಿನ ಥರ ಮಾಡಿ ತುಂಬಿ. ಗಟ್ಟಿ ಆದ್ಮೇಲೆ ಹೊಸದಾಗಿ ಸಣ್ಣ ತೂತು ಕೊರ್ದು ಸ್ಕ್ರೂ ಹಾಕಿ. ಮೂತಿಗೆ ಸುತ್ತಲೂ ಅಗಲಕ್ಕೆ ಉಜ್ಜಿ, ಗಾಜಿನ ನಾರಿನ ಮ್ಯಾಟು ಚಿಕ್ಕ ತುಂಡು, ಅದರ ಮೇಲೆ ಇನ್ನೂ ದೊಡ್ಡದು, ಅದರ ಮೇಲೆ ಇನ್ನೂ ದೊಡ್ಡದು. ಗಾಳಿ ನಿಲ್ಲಬಾರದು. ನಾನೇ ಬರ್ತಿದ್ದೆ, ಕೈ ತುಂಬಾ ಆರ್ಡರ್ ಇದೆ. ಭಾನುವಾರ ಸಾಗ್ಸಕ್ಕೆ ನನ್ನ ಗಾಡಿ ಮಾತ್ರ ತರ್ತೀನಿ.”

ಡಬ್ಬಿಗಳನ್ನು ಹೊತ್ತು ಮೂರ್ತಿ ಮನೆಗೆ ಬಂದರು. ಮೊದಲನೇ ದಿನ ಕೊಕ್ಕೆಗಳನ್ನೆಲ್ಲ ಕಿತ್ತು, ತೂತುಗಳನ್ನು ಕೊರೆದು, ಮೂತಿಯನ್ನು ಉಜ್ಜಿದರು. ಉಜ್ಜಿದ ಗಾಜಿನ ಪುಡಿ ಹಾರಿ ಅಂಗಿಗೆ ಕೂತಿತು, ಅಂಗಿಯಿಂದ ಮೈಗೆ ಇಳಿಯಿತು. ಮೈಯೆಲ್ಲ ನವೆ. ಅಂಜಿನಮ್ಮ ಮನಸಾರೆ ನಕ್ಕರು. ನಕ್ಕು, ಆ ಅಂಗಿಯನ್ನು ಎತ್ತಿಕೊಂಡು ಹೋಗಿ ತಮ್ಮ ಬಟ್ಟೆಗಳ ಜೊತೆಗೇ ವಾಷಿಂಗ್ ಮಷೀನಿಗೆ ಹಾಕಿದರು. ಮಾರನೇ ದಿನ ಅಂಜಿನಮ್ಮನೂ ಬೆನ್ನು ಕೆರೆದುಕೊಳ್ಳುತ್ತಾ ಓಡಾಡತೊಡಗಿದರು. ಈಗ ನಗುವ ಸರದಿ ಮೂರ್ತಿಯದು. ಆದರೆ ಅವರು ಜಾಣರು, ಮುಖ ತಿರುಗಿಸಿಕೊಂಡು ನಕ್ಕರು.

ರೆಸಿನ್ ಕಲಸುವ ಹೊತ್ತಿಗೆ ಅಂಜಿನಮ್ಮ ಸ್ಟೂಲು ಹಾಕಿಕೊಂಡು ಎದುರಿಗೇ ಕೂತರು. ಡಬ್ಬಿಯಲ್ಲಿ ಜೇನಿನಂಥ ರೆಸಿನ್, ಪುಟ್ಟ ಬಾಟಲಿಯಲ್ಲಿ ಹಾರ್ಡನರ್.

“ಈ ಸಣ್ಣ ಬಾಟ್ಲು ಏನಕ್ಕೆ?”

“ಇದು ಹಾಕಿದ್ರೇನೇ ಅದು ಗಟ್ಟಿಯಾಗೋದು.”

“ಹಾಗನ್ನಿ, ಹೆಪ್ಪು” ಎಂದರು ಅಂಜಿನಮ್ಮ.

ಭಾನುವಾರ ಕಣ್ಣೆದುರಿಗೇ ಇತ್ತು. ಬೇಗ ಒಣಗಲಿ ಎಂದು ಮೂರ್ತಿ ಹೆಪ್ಪನ್ನು ಧಾರಾಳವಾಗಿ ಸುರಿದರು. ಬ್ರಷ್ಷು ಅದ್ದುವಷ್ಟರಲ್ಲಿ ಲೋಟ ಬಿಸಿಯಾಯಿತು, ಹೊಗೆ ಬಂತು, ನೋಡನೋಡುತ್ತಾ ಲೋಟ, ರೆಸಿನ್, ಬ್ರಷ್ಷು ಮೂರೂ ಸೇರಿ ಒಂದೇ ಕಲ್ಲಾಯಿತು. ಮೂರ್ತಿ ಬ್ರಷ್ಷಿನ ಹಿಡಿ ಎತ್ತಿದರೆ ಲೋಟವೂ ಜೊತೆಗೇ ಎದ್ದು ಬಂತು.

“ಹೆಪ್ಪು ಜಾಸ್ತಿ ಆಯ್ತು” ಎಂದು ಸ್ಟೂಲಿನಿಂದ ತೀರ್ಪು ಬಂತು.

ಎರಡನೇ ಸಲ ಮೂರ್ತಿ ಹೆದರಿ ಹೆದರಿ ಹನಿ ಲೆಕ್ಕದಲ್ಲಿ ಹಾಕಿದರು.

“ಈಗ ಕಮ್ಮಿ ಆಯ್ತು. ಈ ಚಳಿಗೆ ನಾನು ಮೊಸರಿಗೇ ಇದಕ್ಕಿಂತ ಹೆಚ್ಚು ಹಾಕ್ತೀನಿ.”

“ಇದೇನು ನಿನ್ನ ಮೊಸರಾ? ಸುಮ್ನಿರೇ.”

ಸುಮ್ಮನಿರುವುದು ಅಂಜಿನಮ್ಮನ ಜಾತಕದಲ್ಲೇ ಬರೆದಿರಲಿಲ್ಲವಾದರೂ ಆ ಹೊತ್ತಿಗೆ ಸುಮ್ಮನಾದರು. ಮೂರ್ತಿ ಅದನ್ನೇ ಮ್ಯಾಟಿಗೆ ಬಳಿದು ಮೂತಿಗೆ ಹಚ್ಚಿದರು. ಸ್ಕ್ರೂ ತೂತುಗಳೇನೋ ಚೆನ್ನಾಗಿಯೇ ಬಂದವು. ಮಾರನೇ ದಿನ ಅವನ್ನು ಇನ್ನೊಂದು ಲೋಟದಲ್ಲಿ, ತಾಳ್ಮೆಯಿಂದ, ಮುನಾವರ್ ಹೇಳಿದಷ್ಟೇ ಕಲಸಿ ತುಂಬಿದ್ದರು. ಹಿಂದಿನ ಸೀಟನ್ನು ಹೊಸ ಸ್ಕ್ರೂ ಹಾಕಿ ಬಿಗಿದ ಮೇಲೆ ಅದರ ಮೇಲೆ ತಾವೇ ಕುಣಿದು ನೋಡಿದರು, ಅಲುಗಲಿಲ್ಲ. ಕೊಕ್ಕೆಗಳಿದ್ದ ಜಾಗವೆಲ್ಲ ಮುಚ್ಚಿ, ಉಜ್ಜಿ, ಬಣ್ಣ ಬಳಿದರು. ಮೂತಿ ಮಾತ್ರ ಶನಿವಾರ ಸಂಜೆಗೂ ಉಗುರು ಒತ್ತಿದರೆ ಸ್ವಲ್ಪ ತಗ್ಗುತ್ತಿತ್ತು. ಮೂರ್ತಿ ಉಗುರು ಒತ್ತುವುದನ್ನು ಬಿಟ್ಟುಬಿಟ್ಟರು.

ದೋಣಿಯೇನೋ ಹೊಸತರ ಹಾಗೆ ಹೊಳೆಯಿತು. ಪೊರಕೆ, ಕನ್ನಡಿ, ಹಾಲಿನ ಚೀಲ ನೆಲದ ಮೇಲೆ ಅನಾಥವಾಗಿ ಬಿದ್ದಿದ್ದವು. “ಒಂದಾದ್ರೂ ಕೊಕ್ಕೆ ಬಿಡ್ಬಾರದಿತ್ತಾ?” ಎಂದರು ಅಂಜಿನಮ್ಮ.

“ದೋಣಿಗೆ ತೂತು ಅಂದ್ರೆ ತೂತೇ. ನಾನಿರೋ ತನಕ ಇನ್ನೊಂದು ತೂತು ಕೊರೆಯೋಕೆ ಬಿಡಲ್ಲ” ಎಂದು ಮೂರ್ತಿ ಎದೆ ಉಬ್ಬಿಸಿದರು.

ಭಾನುವಾರ ಬೆಳಿಗ್ಗೆ ಮುನಾವರನ ಪುಟ್ಟ ಟೆಂಪೋದ ಮೇಲೆ ದೋಣಿ ಮೆರವಣಿಗೆ ಹೊರಟಿತು. ಅಂಜಿನಮ್ಮ ಮಗಳ ಮದುವೆಗೆ ತೆಗೆದಿದ್ದ ರೇಷ್ಮೆ ಸೀರೆ ಉಟ್ಟು, ಕೈಗೊಂದು ವ್ಯಾನಿಟಿ ಬ್ಯಾಗು ಹಾಕಿಕೊಂಡು, ಮಡಿಲಲ್ಲಿ ದೊಡ್ಡದೊಂದು ಬೂದುಗುಂಬಳಕಾಯಿ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರು. ದೃಷ್ಟಿ ತೆಗೆಯದೆ ಹೊಸ ಸೈಕಲ್ಲನ್ನೂ ಬೀದಿಗಿಳಿಸುವ ಮನೆತನವಲ್ಲ ಅವರದು. ಇಷ್ಟು ವರ್ಷ ಓಣಿಯವರೆಲ್ಲರ ಕಣ್ಣು ಬಿದ್ದ ದೋಣಿಯನ್ನು ಹಾಗೇ ನೀರಿಗೆ ಬಿಡುವುದುಂಟೇ?

ಕೆರೆಯ ಮೆಟ್ಟಿಲ ಬಳಿ ಕೈಗವಸು ಹಾಕಿಕೊಂಡ ಜನ ತುಂಬಿದ್ದರು. ತೇಜಶ್ರೀ ಓಡಿ ಬಂದು ಅಮ್ಮನ ರೇಷ್ಮೆ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಿಗಿದಳು. ದೋಣಿಯ ಹಿಂಭಾಗವನ್ನು ನೀರಿಗೆ ತಾಗಿಸಿ, ಮೂತಿಯನ್ನು ಕಲ್ಲಿನ ಮೆಟ್ಟಿಲ ಮೇಲೆ ಆನಿಸಿ ನಿಲ್ಲಿಸಿದರು. ಮೂರ್ತಿ ಕುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿ ದೋಣಿಗೆ ಮೂರು ಸುತ್ತು ನಿವಾಳಿಸಿದರು. ಒಡೆಯಬೇಕು ಎನ್ನುವಷ್ಟರಲ್ಲಿ ಪೀಪಿ ಕೂಗಿತು. ಊದಿದವನು ಸುಗತ, ತೇಜಶ್ರೀಯ ಗುಂಪಿನ ಮುಂದಾಳು.

“ಅಂಕಲ್, ಅಂಕಲ್! ಮೆಟ್ಲ ಮೇಲೆ ಬೇಡ ಪ್ಲೀಸ್, ಈಗ ತಾನೇ ಗುಡ್ಸಿದ್ದೀವಿ.”

“ನೀರಿಗೆ ಹಾಕ್ಲಾ?”

“ಅಯ್ಯೋ, ನೀರನ್ನೇ ಅಲ್ವಾ ಅಂಕಲ್ ಕ್ಲೀನ್ ಮಾಡ್ತಿರೋದು?”

“ರೋಡಲ್ಲಿ ಒಡೀರಿ” ಎಂದರು ಯಾರೋ. “ಬೈಕಿನವರು ಜಾರಿ ಬಿದ್ರೆ?” ಎಂದರು ಇನ್ಯಾರೋ. ಒಡೆಯುವುದೇ ಬೇಡವೆಂದು ಒಂದು ದನಿ. ನಿವಾಳಿಸಿದ್ದನ್ನು ಒಡೆಯದೆ ಬಿಟ್ಟರೆ ದೃಷ್ಟಿ ಎರಡರಷ್ಟಾಗುತ್ತದೆ ಎಂದು ಅಂಜಿನಮ್ಮನ ದನಿ. ಕರ್ಪೂರ ಮೂರ್ತಿಯ ಬೆರಳ ಹತ್ತಿರ ಬರುತ್ತಿತ್ತು. ಎಲ್ಲರೂ ಸೇರಿ ಒಂದು ಒಳ್ಳೆಯ ದಾರಿ ಹುಡುಕಿದರು. ದೋಣಿಯೊಳಗೇ, ಮೂತಿಯ ಹತ್ತಿರ ಗೋಣಿಚೀಲ ಹಾಸಿ, ಅದರ ಮೇಲೆ ಒಡೆಯುವುದು. ಕಸ ಮೆಟ್ಟಿಲಿಗೂ ಬೀಳುವುದಿಲ್ಲ, ನೀರಿಗೂ ಬೀಳುವುದಿಲ್ಲ. ಚೀಲ ಸುತ್ತಿ ಎತ್ತಿಕೊಂಡು ಹೋದರಾಯಿತು. ಸುಗತ ಚಪ್ಪಾಳೆ ತಟ್ಟಿದ. ಮೂರ್ತಿ ಕಾಯಿಯನ್ನು ತಲೆಯ ಮೇಲೆತ್ತಿ, ಮನೆದೇವರನ್ನು ನೆನೆದು, ಇದ್ದ ಬಲವನ್ನೆಲ್ಲ ಬಿಟ್ಟು ಕುಕ್ಕಿದರು.

ಟಪ್ ಎಂದು ಸದ್ದಾಯಿತು. ಕುಂಬಳಕಾಯಿಗೆ ಏನೂ ಆಗಿರಲಿಲ್ಲ. ಅದು ಉರುಳಿಕೊಂಡು ಹಿಂದಿನ ಸೀಟಿನ ಕೆಳಗೆ ಹೋಗಿ ನಿಂತಿತು. ಮೇಲೆ ಕಾಯಿಯ ಪೆಟ್ಟು, ಕೆಳಗೆ ಕಲ್ಲಿನ ಅಂಚು, ನಡುವೆ ಹಸಿಹಸಿಯಾಗಿದ್ದ ತೇಪೆ. ದೋಣಿಯ ಮೂತಿ ಒಡೆದಿತ್ತು.

ಮುನಾವರ್ ಬಗ್ಗಿ ಬೆರಳಿಟ್ಟು ನೋಡಿ, “ಹಾರ್ಡನರ್ ಕಮ್ಮಿ ಹಾಕಿದ್ರಾ ಭಾಯ್?” ಎಂದ. ಮೂರ್ತಿ ಹೆಂಡತಿಯ ಮುಖ ನೋಡಲಾರದೆ ಕೆರೆಯ ಕಡೆ ತಿರುಗಿ ನಿಂತರು. ಈ ಜನ್ಮದಲ್ಲಿ ಕೊಟ್ಟ ಒಂದೇ ಒಂದು ಮಾತು ಇದು, ಇದನ್ನೂ ನನ್ನ ಕೈಯಾರೆ ಒಡೆದುಕೊಂಡೆನಲ್ಲ ಎಂದು ಹಳಹಳಿಸಿದರು. ಅಂಜಿನಮ್ಮ ‘ನಾನು ಹೇಳಿರಲಿಲ್ವಾ’ ಎಂದು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಬಿರುಕನ್ನು ನೋಡಿದರು.

“ರೀ, ಇದು ಮೂತಿಯ ಮೇಲ್ಗಡೆ ಅಲ್ವಾ ಇರೋದು? ನೀರು ಇಲ್ಲೀವರೆಗೂ ಬರುತ್ತಾ?”

ಮೂರ್ತಿ ತಿರುಗಿ ನೋಡಿದರು. ಬಿರುಕಿನ ಕೆಳತುದಿ ನೀರಿನ ಮಟ್ಟಕ್ಕೆ ಸರಿಯಾಗಿ ಬರುವಂತಿತ್ತು. “ನಾನು ನಡುವೆ ಕೂತು ಹುಟ್ಟು ಹಾಕಿದ್ರೆ ಮುಂದ್ಗಡೆ ತಗ್ಗುತ್ತೆ. ನೀರು ಬರುತ್ತೆ.”

“ನೀವ್ಯಾಕೆ ನಡುವೆ ಕೂರ್ಬೇಕು?”

“ಅಂಬಿಗ ಇನ್ನೆಲ್ಲಿ ಕೂರ್ತಾನೆ?” ಎಂದು ಬಾಯಿಯವರೆಗೂ ಬಂದ ಮಾತನ್ನು ಮೂರ್ತಿ ನುಂಗಿಕೊಂಡರು. ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರೆ ಹಿಂಭಾಗ ತಗ್ಗಿ ಮೂತಿ ಮೇಲಕ್ಕೇಳುತ್ತದೆ. ಬಿರುಕು ಗಾಳಿಯಲ್ಲಿರುತ್ತದೆ. ಮುನಾವರ್ ಅದಕ್ಕೆ ದಪ್ಪ ಟೇಪು ಬೇರೆ ಸುತ್ತಿದ. “ದಡ ಬಿಟ್ಟು ದೂರ ಹೋಗ್ಬಾರದು” ಎಂಬ ಷರತ್ತಿನ ಮೇಲೆ ಸುಗತ ಒಪ್ಪಿದ. ಕುಂಬಳಕಾಯಿಯನ್ನು ತೆಗೆಯಲು ತೇಜಶ್ರೀ ಕೈ ಹಾಕಿದಾಗ ಅಂಜಿನಮ್ಮ, “ಇರ್ಲಿ ಬಿಡೇ, ಹಿಂದ್ಗಡೆ ತೂಕಕ್ಕಾಗುತ್ತೆ” ಎಂದರು.

ಹೀಗೆ ಅಂಜನಮೂರ್ತಿ ಬದುಕಿನಲ್ಲಿ ಮೊದಲ ಸಲ ದೋಣಿಯ ಹಿಂದಿನ ಸೀಟಿನಲ್ಲಿ ಕೂತರು. ಪಕ್ಕದಲ್ಲಿ ಹೆಂಡತಿ, ಕಾಲ ಕೆಳಗೆ ಕುಂಬಳಕಾಯಿ, ಕೈಯಲ್ಲಿ ಒಂದೇ ಹುಟ್ಟು. ಇನ್ನೊಂದು ಹುಟ್ಟು ಅಂಜಿನಮ್ಮನ ಕೈಯಲ್ಲಿ. ಸೀಟು ಒಂದಿಷ್ಟೂ ಅಲುಗಲಿಲ್ಲ.

ದೋಣಿ ದಡ ಬಿಟ್ಟಿತು. ಬಿಟ್ಟು, ನಿಂತಲ್ಲೇ ಸುತ್ತತೊಡಗಿತು. ಮೂರ್ತಿ ಹಳೇ ಅಭ್ಯಾಸದ ಮೇಲೆ ಜೋರಾಗಿ ಎಳೆಯುತ್ತಿದ್ದರು. ಅಂಜಿನಮ್ಮ ಸಾರು ತಿರುವಿದ ಹಾಗೆ ಹುಟ್ಟನ್ನು ತಿರುವುತ್ತಿದ್ದರು. ದಡದ ಜನ ಎರಡು ಸಲ ಇವರ ಮುಖ ನೋಡಿದರು, ಎರಡು ಸಲ ಬೆನ್ನು ನೋಡಿದರು. ಕೂಗು, ಸಿಳ್ಳೆ, ಫೋನುಗಳು ಮೇಲೆದ್ದವು.

“ಜೋರಾಗಿ ಎಳಿಯೇ!”

“ನನ್ನ ಜೋರು ಇಷ್ಟೇ. ನೀವೇ ಮೆಲ್ಲಗೆ ಎಳೀರಿ.”

ಮೂರ್ತಿ ಹುಟ್ಟನ್ನು ಎತ್ತಿ ಹಿಡಿದು ಹೆಂಡತಿಯ ಕೈ ನೋಡಿದರು. ಅದು ಮುಂದೆ ಹೋಗುವುದು, ನೀರಿಗಿಳಿಯುವುದು, ಒಂದು ಗಳಿಗೆ ನಿಂತು ಹಿಂದೆ ಬರುವುದು. ಅಷ್ಟಕ್ಕೇ ತಮ್ಮ ಕೈಯನ್ನೂ ಹೊಂದಿಸಿದರು. ದೋಣಿ ಸುತ್ತುವುದನ್ನು ಬಿಟ್ಟಿತು. ಮೂತಿಯನ್ನು ಜಂಬದಿಂದ ಮೇಲಕ್ಕೆತ್ತಿಕೊಂಡು ನೆಟ್ಟಗೆ ಹೊರಟಿತು. ಕೆರೆಯನ್ನು ಅಷ್ಟು ನಿಧಾನವಾಗಿ ಮೂರ್ತಿ ಯಾವತ್ತೂ ನೋಡಿರಲಿಲ್ಲ.

“ಅಲ್ಲಿ ನೋಡಿ, ಆ ಮರ. ಅದರ ಕೆಳಗೇ ನಾನು ಕ್ಯಾರಿಯರ್ ಹಿಡ್ಕೊಂಡು ನಿಲ್ತಿದ್ದಿದ್ದು” ಎಂದರು ಅಂಜಿನಮ್ಮ. “ಇಲ್ಲಿಂದ ಎಷ್ಟು ಚಿಕ್ಕದಾಗಿ ಕಾಣುತ್ತೆ. ನಾನು ಕಾಣ್ತಿದ್ನಾ ನಿಮಗೆ?”

“ಕಾಣ್ತಿದ್ದೆ” ಎಂದರು ಮೂರ್ತಿ. “ಪ್ರತಿ ದಿನಾನೂ ಕಾಣ್ತಿದ್ದೆ.”

ಅಂಜಿನಮ್ಮ ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ. ಕಣ್ಣು ಮಾತ್ರ ತುಂಬಿ ಬಂತು. ಎರಡೂ ಕೈಯಲ್ಲಿ ಹುಟ್ಟು ಹಿಡಿದಿದ್ದರಿಂದ ಒರೆಸಿಕೊಳ್ಳಲಾಗದೆ ಭುಜಕ್ಕೆ ಉಜ್ಜಿಕೊಂಡರು.

ತೇಲುತ್ತಿದ್ದ ಬಾಟಲಿಗಳನ್ನು ಇಬ್ಬರೂ ಎತ್ತಿ ಚೀಲಕ್ಕೆ ಹಾಕಿದರು. ಚೀಲ ಮುಂದೆ ಇಡುವ ಹಾಗಿಲ್ಲ, ಮೂತಿ ತಗ್ಗುತ್ತದೆ. ಒಂದು ಕಡೆ ಬಾಟಲಿ ಚೀಲ, ಇನ್ನೊಂದು ಕಡೆ ವ್ಯಾನಿಟಿ ಬ್ಯಾಗು ಅಂಜಿನಮ್ಮನ ಮಡಿಲಿನಿಂದ ಜಾರಿ ಜಾರಿ ಕಾಲ ಕೆಳಗೆ ಬೀಳುತ್ತಿದ್ದವು. ಹುಟ್ಟು ಬಿಟ್ಟು ಅವನ್ನು ಎತ್ತಿಕೊಂಡಾಗೆಲ್ಲ ದೋಣಿ ಮತ್ತೆ ತಿರುಗುತ್ತಿತ್ತು.

“ಇಲ್ಲೊಂದು ಕೊಕ್ಕೆ ಇದ್ದಿದ್ರೆ” ಎಂದು ಅಂಜಿನಮ್ಮ ಸೀಟಿನ ಪಕ್ಕದ ಜಾಗವನ್ನು ಬೆರಳಿನಿಂದ ತಟ್ಟಿದರು. ಮೂರ್ತಿ ಕೇಳಿಸದವರ ಹಾಗೆ ಆಕಾಶ ನೋಡಿದರು.

ಸೋಮವಾರ ಖಾದರ್ ಎಂದಿನಂತೆ ತಳ್ಳುಗಾಡಿ ತಳ್ಳಿಕೊಂಡು ಓಣಿಗೆ ಬಂದ. ಶುಕ್ರವಾರವೇ ಅಂಜಿನಮ್ಮ ಅವನ ಕಿವಿಗೆ ಒಂದು ಮಾತು ಹಾಕಿಟ್ಟಿದ್ದರು.

“ಏನಮ್ಮಾ, ದೋಣಿ ಕೊಡ್ತೀನಿ ಅಂದಿದ್ರಲ್ಲ, ತಗೊಂಡ್ಹೋಗ್ಲಾ?”

“ಏ ಹೋಗಪ್ಪಾ. ನಮ್ಮನೇವ್ರು ಅದರೊಳಗೇ ಕೂತವ್ರೆ.”

ನಿಜಕ್ಕೂ ಕೂತಿದ್ದರು. ದೋಣಿಯನ್ನು ಗೋಡೆಗೆ ಒರಗಿಸದೆ, ಇಟ್ಟಿಗೆಗಳ ಮೇಲೆ ನೆಟ್ಟಗೆ ಕೂರಿಸಿ, ಹಿಂದಿನ ಸೀಟಿನ ಪಕ್ಕದಲ್ಲಿ ಬಗ್ಗಿಕೊಂಡು ಡ್ರಿಲ್ ಹಿಡಿದಿದ್ದರು. ಗರ್ರೆಂದು ಸದ್ದು ನಿಂತ ಮೇಲೆ ಅಂಜಿನಮ್ಮ ಹೋಗಿ ಇಣುಕಿದರು. ನಿನ್ನೆ ಅವರು ಬೆರಳು ತಟ್ಟಿದ್ದ ಜಾಗದಲ್ಲೇ ಹೊಸದೊಂದು ತೂತು ಬಿದ್ದಿತ್ತು. ಪಕ್ಕದಲ್ಲಿ ಹೊಸ ಹಿತ್ತಾಳೆ ಕೊಕ್ಕೆ, ರೆಸಿನ್ ತುಂಬಿದ ಲೋಟ.

“ದೋಣಿಗೆ ಯಾರಾದ್ರೂ ತೂತು ಹೊಡೀತಾರೇನ್ರೀ?” ಎಂದರು ಅಂಜಿನಮ್ಮ.

ಮೂರ್ತಿ ಲೋಟವನ್ನೂ ಪುಟ್ಟ ಬಾಟಲಿಯನ್ನೂ ಹೆಂಡತಿಯ ಕೈಗೆ ಕೊಟ್ಟರು.

“ಹೆಪ್ಪು ನೀನೇ ಹಾಕು” ಎಂದರು.